ಕಂಠದಲ್ಲಿದ್ದ ಕೋಶ: ಕನ್ನಡ ವಿದ್ಯಾರ್ಥಿಯ ಶಬ್ದಸಂಪತ್ತಿನ ಚರಿತ್ರೆ

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುದುವೊಳಲಿನ ಬಳೆಗಾರ ಕುಲದ ಹುಡುಗನೊಬ್ಬ ವಿದ್ಯೆಯನ್ನರಸಿ ದಕ್ಷಿಣದ ಗಂಗನಾಡಿಗೆ ಬಂದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಚಾವುಂಡರಾಯನ ಆಶ್ರಯ, ಅಜಿತಸೇನಾಚಾರ್ಯರ ಶಿಷ್ಯತ್ವ ಇವೆರಡೂ ಆತನಿಗೆ ದೊರೆತವು. ಮುಂದೆ ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿ, 993ರಲ್ಲಿ ಅಜಿತಪುರಾಣವನ್ನೂ ಅನಂತರ ಗದಾಯುದ್ಧವೆಂದು ಪ್ರಸಿದ್ಧವಾದ ಸಾಹಸಭೀಮವಿಜಯವನ್ನೂ ರಚಿಸಿದ ರನ್ನನೇ ಆ ಹುಡುಗ. ಸರಸ್ವತಿಯ ಬೊಕ್ಕಸಕ್ಕೆ ಒತ್ತಿದ್ದ ಮುದ್ರೆಯನ್ನು ತೆರೆದವನು ತಾನೆಂಬ ಅರ್ಥದ ಮಾತನ್ನು ಆತ ಹೆಮ್ಮೆಯಿಂದ ಹೇಳಿಕೊಂಡಿರುವುದು ಸಾಹಿತ್ಯದ ಓದುಗರೆಲ್ಲರಿಗೂ ಪರಿಚಿತ. ಅಷ್ಟು ಪರಿಚಿತವಲ್ಲದ ಇನ್ನೊಂದು ಸಂಗತಿಯಿದೆ. 'ಕವಿರತ್ನ' ಎಂಬ ಅಂಕಿತವುಳ್ಳ, ಹಳಗನ್ನಡ ಪದಗಳಿಗೆ ಅರ್ಥ ಹೇಳುವ ಹನ್ನೆರಡು ಕಂದಪದ್ಯಗಳು ಆತನ ಹೆಸರಿನಲ್ಲಿ ಉಳಿದುಬಂದಿವೆ. 'ರನ್ನಕಂದ'ವೆಂದು ಕರೆಯಲಾಗುವ ಈ ಪದ್ಯಗಳನ್ನೇ ಕನ್ನಡದ ಮೊದಲ ನಿಘಂಟೆಂದು ಗಣಿಸಲಾಗಿದೆ. ಬೊಕ್ಕಸದ ಮುದ್ರೆಯನ್ನು ತೆರೆದ ಕವಿ, ತನ್ನ ಹಿಂದೆ ಬರುವವರಿಗಾಗಿ ಬೀಗದ ಕೈಯನ್ನೂ ಇರಿಸಿಹೋದನೆಂದು ಇದನ್ನು ತಿಳಿಯಬಹುದು.

ಬಳೆಗಾರರ ಮನೆಯ ಹುಡುಗನೊಬ್ಬ ಪಂಪನ ಕಾವ್ಯವನ್ನು ಅರಗಿಸಿಕೊಂಡು, ಸಂಸ್ಕೃತದ ನಾಟಕಗಳನ್ನು ಓದಿ, ಎರಡು ಭಾಷೆಗಳ ಪದರಾಶಿಯ ಮೇಲೆ ಪ್ರಭುತ್ವ ಪಡೆದದ್ದು ಹೇಗೆ? ಪ್ರತಿಭೆಯೆಂದು ಹೇಳಿ ಮುಗಿಸಿಬಿಡುವಂತಿಲ್ಲ. ಅಂದಿನ ಶಾಲೆಯಲ್ಲಿ ಬೇಕಾದಾಗ ತೆರೆದು ನೋಡಬಹುದಾದ ಅಕಾರಾದಿ ಕೋಶವಿರಲಿಲ್ಲ, ಕಾಗದವೂ ಇರಲಿಲ್ಲ. ತಾಳೆಯೋಲೆಯ ಒಂದು ಪ್ರತಿ ಸಿದ್ಧವಾಗಬೇಕಾದರೆ ಲಿಪಿಕಾರನ ಹಲವು ದಿನಗಳ ಶ್ರಮ ಬೇಕಾಗುತ್ತಿತ್ತು. ಆದ್ದರಿಂದಲೇ ಶಾಸ್ತ್ರದಾನವು ಆಹಾರ, ಅಭಯ, ಔಷಧ ದಾನಗಳ ಸಾಲಿನಲ್ಲಿ ನಿಂತಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆ ದಾನಚಿಂತಾಮಣಿಯೆನಿಸಿದಳು. ಗ್ರಂಥ ಇಷ್ಟು ದುರ್ಲಭವಾಗಿದ್ದ ಕಾಲದಲ್ಲಿ ವಿದ್ಯಾರ್ಥಿಯ ಕೋಶ ಅವನ ಕಂಠದಲ್ಲಿಯೇ ಇರಬೇಕಾಗಿತ್ತು. ಆ ಕೋಶ ಹೇಗೆ ಕಟ್ಟಲ್ಪಟ್ಟಿತು, ಹೇಗೆ ಬದಲಾಯಿತು, ಕೊನೆಗೆ ಕಂಠವನ್ನು ಬಿಟ್ಟು ಕಪಾಟನ್ನು ಸೇರಿದಾಗ ಏನಾಯಿತು ಎಂಬುದು ಕನ್ನಡದ ವಿದ್ಯಾಚರಿತ್ರೆಯ ಒಂದು ಮುಖ್ಯ ಅಧ್ಯಾಯ.

ಅರ್ಥದ ನಂಟಿನಿಂದ ಕಟ್ಟಿದ ಕೋಶ

ಪ್ರಾಚೀನ ಪಾಠಕ್ರಮದಲ್ಲಿ ಅಕ್ಷರಾಭ್ಯಾಸದ ಅನಂತರ ಬರುತ್ತಿದ್ದುದು ಕೋಶ ಮತ್ತು ವ್ಯಾಕರಣ. ಕಾವ್ಯಪ್ರವೇಶ ಅವುಗಳ ಮೇಲೆ. ವ್ಯಾಕರಣಕ್ಕೆ ಕರ್ಣಾಟಕದಲ್ಲಿದ್ದ ಮನ್ನಣೆಗೆ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಸಾಕ್ಷಿ. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿದ್ದಿತೆಂದು ಅದು ಹೇಳುತ್ತದೆ. ಶೈವಮಠವೊಂದರ ಪಾಠಪಟ್ಟಿಯಲ್ಲಿ, ಅಮೋಘವರ್ಷನ ಕಾಲದ ಜೈನ ವೈಯಾಕರಣ ಶಾಕಟಾಯನನ ಶಾಸ್ತ್ರವೂ ಸೇರಿರುವುದು ಗಮನಾರ್ಹ. ಶಬ್ದವಿದ್ಯೆಗೆ ಮತದ ಗಡಿಯಿರಲಿಲ್ಲ. ಕೋಶದ ವಿಷಯದಲ್ಲಿಯೂ ಹೀಗೆಯೇ. ಬೌದ್ಧನೆಂದು ಹೇಳಲಾಗುವ ಅಮರಸಿಂಹನ 'ನಾಮಲಿಂಗಾನುಶಾಸನ', ಅಂದರೆ ಅಮರಕೋಶ, ವೈದಿಕರಿಗೂ ಜೈನರಿಗೂ ಸಮಾನವಾಗಿ ಪಠ್ಯವಾಗಿತ್ತು.

ಅಮರಕೋಶದ ರಚನೆಯನ್ನು ನೋಡಿದರೆ ಅದು ವಿದ್ಯಾರ್ಥಿಯ ನೆನಪಿಗಾಗಿ ಯೋಜಿತವಾದ ಕೃತಿಯೆಂಬುದು ಸ್ಪಷ್ಟವಾಗುತ್ತದೆ. ಸುಮಾರು ಒಂದೂವರೆ ಸಾವಿರ ಶ್ಲೋಕಗಳು, ಮೂರು ಕಾಂಡಗಳು. ಮೊದಲ ಕಾಂಡದಲ್ಲಿ ಸ್ವರ್ಗ, ಆಕಾಶ, ದಿಕ್ಕು, ಕಾಲ, ಬುದ್ಧಿ, ಶಬ್ದ, ನಾಟ್ಯ, ಪಾತಾಳ, ನರಕ, ನೀರು; ಎರಡನೆಯದರಲ್ಲಿ ಭೂಮಿ, ಪುರ, ಬೆಟ್ಟ, ಕಾಡು ಮತ್ತು ಔಷಧಿ, ಪ್ರಾಣಿಗಳು, ಮನುಷ್ಯ, ಅನಂತರ ವರ್ಣಗಳು ಮತ್ತು ಅವರ ವೃತ್ತಿಗಳು; ಮೂರನೆಯದರಲ್ಲಿ ವಿಶೇಷಣಗಳು, ನಾನಾರ್ಥಗಳು, ಅವ್ಯಯಗಳು, ಲಿಂಗವಿಚಾರ. ಪದಗಳು ಅಕ್ಷರಕ್ರಮದಲ್ಲಿಲ್ಲ; ಲೋಕಕ್ರಮದಲ್ಲಿವೆ. ಸಮುದ್ರದ ಹೆಸರುಗಳನ್ನು ಕಲಿತವನಿಗೆ ಅದರ ಬಳಿಯಲ್ಲಿಯೇ ಅಲೆ, ದಡ, ದೋಣಿ, ಮೀನುಗಳ ಹೆಸರುಗಳು ಸಿಗುತ್ತವೆ. ಒಂದು ಪದ ನೆನಪಾದರೆ ಅದರ ನೆರೆಹೊರೆಯೆಲ್ಲ ಎಚ್ಚರಗೊಳ್ಳುತ್ತದೆ. ಅನುಷ್ಟುಪ್ಪಿನ ಲಯ ಈ ಸಾಲನ್ನು ಕಳಚದಂತೆ ಹಿಡಿದಿಡುತ್ತದೆ. ನಾನಾರ್ಥವರ್ಗದಲ್ಲಿ ಮಾತ್ರ ಅಮರಸಿಂಹ ಬೇರೆ ಕ್ರಮವನ್ನು ಅನುಸರಿಸಿ, ಪದದ ಕೊನೆಯ ವ್ಯಂಜನಕ್ಕೆ ಅನುಗುಣವಾಗಿ ಶಬ್ದಗಳನ್ನು ಜೋಡಿಸಿದ್ದಾನೆ. ಅರ್ಥದ ನಂಟು ಸಾಲದ ಕಡೆ ಧ್ವನಿಯ ನಂಟನ್ನು ಆಶ್ರಯಿಸಿದ ಕ್ರಮವಿದು.

ಧನಂಜಯನ ಉಪಾಯ

ಜೈನ ಪರಂಪರೆಯ ವಿದ್ಯಾರ್ಥಿಗೆ ಇದಕ್ಕಿಂತ ಚಿಕ್ಕದಾದ, ಆದರೆ ಬೇರೊಂದು ಬಗೆಯಲ್ಲಿ ಫಲವತ್ತಾದ ಕೋಶವೊಂದು ಲಭ್ಯವಿತ್ತು. ಅದು ಧನಂಜಯನ 'ನಾಮಮಾಲೆ'. 8–9ನೆಯ ಶತಮಾನಗಳ ನಡುವೆ ಈತನ ಕಾಲವನ್ನು ಇಡುವುದು ರೂಢಿ. ಈತ ಮುನಿಯಲ್ಲ, ಗೃಹಸ್ಥ. ಒಂದೇ ಪದ್ಯರಾಶಿಯಲ್ಲಿ ರಾಮನ ಕಥೆಯನ್ನೂ ಪಾಂಡವರ ಕಥೆಯನ್ನೂ ಏಕಕಾಲಕ್ಕೆ ಹೇಳುವ 'ದ್ವಿಸಂಧಾನ' ಕಾವ್ಯದ ಕರ್ತೃ. ಅಕಲಂಕರ ಪ್ರಮಾಣಶಾಸ್ತ್ರ, ಪೂಜ್ಯಪಾದರ ವ್ಯಾಕರಣ, ತನ್ನ ದ್ವಿಸಂಧಾನ ಈ ಮೂರನ್ನೂ ರತ್ನತ್ರಯವೆಂದು ನಾಮಮಾಲೆಯ ಕೊನೆಯಲ್ಲಿ ಕರೆದುಕೊಂಡಿರುವ ಆತ್ಮವಿಶ್ವಾಸಿ. ಶ್ಲೇಷದ ಪರಮಾವಧಿಯನ್ನು ಮುಟ್ಟಿದ ಕವಿ, ಇನ್ನೂರರಷ್ಟು ಶ್ಲೋಕಗಳ ಒಂದು ವಿದ್ಯಾರ್ಥಿಕೋಶವನ್ನು ಬರೆದನೆಂಬುದೇ ಅಂದಿನ ವಿದ್ವಾಂಸರು ಪದಶಿಕ್ಷಣಕ್ಕೆ ಕೊಟ್ಟ ಗೌರವವನ್ನು ಸೂಚಿಸುತ್ತದೆ.

ಧನಂಜಯನ ಉಪಾಯ ಸರಳ. ಆತ ಪದಗಳನ್ನು ಕೊಡುವುದರ ಜೊತೆಗೆ ಪದಗಳನ್ನು ಕಟ್ಟುವ ಸೂತ್ರವನ್ನೂ ಕೊಡುತ್ತಾನೆ. ಭೂಮಿಯ ಪರ್ಯಾಯಪದಗಳನ್ನು ಹೇಳಿ, ಅವುಗಳ ಮುಂದೆ 'ಧರ' ಸೇರಿಸಿದರೆ ಬೆಟ್ಟ, 'ಪತಿ' ಸೇರಿಸಿದರೆ ಅರಸು, 'ರುಹ' ಸೇರಿಸಿದರೆ ಮರ ಎನ್ನುತ್ತಾನೆ. ಭೂಧರ, ಮಹೀಧರ, ಭೂಪತಿ, ಮಹೀಪತಿ, ಭೂರುಹ, ಮಹೀರುಹ. ನೀರಿನ ಹೆಸರುಗಳಿಗೂ ಇದೇ ಕ್ರಮ: 'ಚರ' ಸೇರಿದರೆ ಮೀನು, 'ದ' ಸೇರಿದರೆ ಮೋಡ, 'ಜ' ಸೇರಿದರೆ ತಾವರೆ, 'ಧಿ' ಸೇರಿದರೆ ಕಡಲು. ಜಲ, ವಾರಿ, ಅಂಬು, ನೀರ, ತೋಯ ಎಂಬ ಐದು ಹೆಸರುಗಳನ್ನೂ ಈ ನಾಲ್ಕು ಉತ್ತರಪದಗಳನ್ನೂ ಬಲ್ಲ ಬಾಲಕನ ವಶಕ್ಕೆ ಇಪ್ಪತ್ತು ಪದಗಳು ಬಂದಂತಾಯಿತು. ಜಲದ, ವಾರಿಜ, ಅಂಬುಧಿ ಇವನ್ನು ಆತ ಒಂದೊಂದಾಗಿ ಉರುಹಚ್ಚಬೇಕಾಗಿಲ್ಲ. ಇದುವರೆಗೆ ಕಾಣದ 'ತೋಯಧಿ' ಎಂಬ ಪದ ಕಾವ್ಯದಲ್ಲಿ ಎದುರಾದರೂ ಆತ ತಡವರಿಸುವುದಿಲ್ಲ.

ಆದರೆ ಈ ಸೂತ್ರಕ್ಕೊಂದು ಎಲ್ಲೆಯಿದೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ 'ಪಂಕಜ'ವಾಗುವುದಿಲ್ಲ. ಆ ಪದ ತಾವರೆಗೆ ಮಾತ್ರ ರೂಢ. ವ್ಯುತ್ಪತ್ತಿ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಸೇರಿಸಿಕೊಳ್ಳುವುದು ರೂಢಿ. ಯೋಗರೂಢವೆಂದು ಶಾಸ್ತ್ರಕಾರರು ಕರೆದದ್ದು ಇದನ್ನೇ. ಹೀಗಾಗಿ ಕೋಶಪಾಠ ಎಂದಿಗೂ ಒಂಟಿಯಾಗಿ ನಡೆಯುವಂತಿರಲಿಲ್ಲ. ಗುರು ಟೀಕೆ ಹೇಳಬೇಕು, ಕಾವ್ಯದಿಂದ ಪ್ರಯೋಗ ತೋರಿಸಬೇಕು. ನಾಮಮಾಲೆಗೆ ಅಮರಕೀರ್ತಿಯ ಭಾಷ್ಯ ಹುಟ್ಟಿದ್ದು ಈ ಅಗತ್ಯದಿಂದಲೇ.

ಎರಡು ಭಂಡಾರಗಳ ನಡುವೆ

ಕನ್ನಡ ವಿದ್ಯಾರ್ಥಿಯ ಕಷ್ಟ ಸಂಸ್ಕೃತ ವಿದ್ಯಾರ್ಥಿಯ ಕಷ್ಟದ ಇಮ್ಮಡಿ. ಆತನಿಗೆ ಸಂಸ್ಕೃತದ ಭಂಡಾರವೂ ಬೇಕು, ದೇಸಿಯ ಭಂಡಾರವೂ ಬೇಕು. ಎರಡನ್ನೂ ಎಲ್ಲಿ ಬೆರೆಸಬೇಕು, ಎಲ್ಲಿ ಬೆರೆಸಬಾರದು ಎಂಬ ವಿವೇಕವೂ ಬೇಕು. 9ನೆಯ ಶತಮಾನದ ಕವಿರಾಜಮಾರ್ಗ ಈ ವಿವೇಕವನ್ನು ಬಹಳ ಎಚ್ಚರದಿಂದ ಬೋಧಿಸುತ್ತದೆ. ಸಂಸ್ಕೃತಪದಕ್ಕೂ ಕನ್ನಡಪದಕ್ಕೂ ಹೊಂದಿಕೆಯಿಲ್ಲದೆ ಮಾಡಿದ ಸಮಾಸ ದೋಷವೆನಿಸಿ, ಅರಿಸಮಾಸವೆಂಬ ಹೆಸರನ್ನೇ ಪಡೆಯಿತು. ಇದರ ಮೇಲೆ ದ್ವಿತೀಯಾಕ್ಷರ ಪ್ರಾಸದ ಕಟ್ಟು. ಕಂದವಿರಲಿ, ವೃತ್ತವಿರಲಿ, ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಪದಗಳ ಸಂಗ್ರಹ ಅಲ್ಪವಾಗಿದ್ದವನಿಗೆ ನಾಲ್ಕು ಪಾದಗಳನ್ನು ಪೂರೈಸುವುದೂ ಕಷ್ಟ. ಪೂರೈಸಿದರೂ ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಡಬೇಕಾಗುತ್ತದೆ.

ಈ ಕೊರತೆಯನ್ನು ತುಂಬಲು ಹೊರಟ ದೊಡ್ಡ ಪ್ರಯತ್ನ ಇಮ್ಮಡಿ ನಾಗವರ್ಮನ 'ಅಭಿಧಾನವಸ್ತುಕೋಶ'. ಆತನ ಕಾಲವನ್ನು 1042ರ ಸುಮಾರೆಂದು ಕೆಲವರೂ 1145ರ ಸುಮಾರೆಂದು ಕೆಲವರೂ ಹೇಳುತ್ತಾರೆ. ಚಾಳುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂಬುದರಿಂದ ಆತ ವೃತ್ತಿಯಿಂದಲೇ ಅಧ್ಯಾಪಕ. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶ ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾವ್ಯಲಕ್ಷಣ, ವ್ಯಾಕರಣ, ಕೋಶ ಎಂಬ ಪೂರ್ಣ ಪಠ್ಯಕ್ರಮವೊಂದು ಕಣ್ಣಿಗೆ ಕಟ್ಟುತ್ತದೆ. ವಸ್ತುಕೋಶದಲ್ಲಿ ಸುಮಾರು ಎಂಟು ಸಾವಿರ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳಲಾಗಿದೆಯೆಂದು ಎಣಿಸಲಾಗಿದೆ. ಅರ್ಥ ಹೇಳಿರುವುದೂ ಪದ್ಯದಲ್ಲಿಯೇ. ಹಲಾಯುಧನ ಅಭಿಧಾನರತ್ನಮಾಲೆಗೆ ನಾಗವರ್ಮನ ಹೆಸರಿನಲ್ಲಿ ಒಂದು ಕನ್ನಡ ಟೀಕೆಯೂ ದೊರೆತಿದೆ. ಇವುಗಳಿಂದ ವಿದ್ಯಾರ್ಥಿಗೆ ಆದ ಲಾಭ ಎರಡು ಬಗೆಯದು. ಸಂಸ್ಕೃತಪದದ ಅರ್ಥ ತಿಳಿಯಿತು. ಅದಕ್ಕಿಂತ ಮಿಗಿಲಾಗಿ, ಆ ಅರ್ಥವನ್ನು ಹೇಳಬಲ್ಲ ಕನ್ನಡಪದ ಯಾವುದೆಂಬುದು ತಿಳಿಯಿತು. ಶೀತಾಂಶುವಿಗೆ ಎದುರಾಗಿ ತಂಗದಿರನೂ, ಉಷ್ಣಾಂಶುವಿಗೆ ಎದುರಾಗಿ ಬಿಸುಗದಿರನೂ, ಪುಷ್ಪಬಾಣನಿಗೆ ಎದುರಾಗಿ ಅಲರಂಬನೂ ಕನ್ನಡ ಕಾವ್ಯದಲ್ಲಿ ನೆಲೆಗೊಂಡದ್ದು ಇಂಥ ದ್ವಿಭಾಷಾಶಿಕ್ಷಣದ ಫಲ. ಧನಂಜಯ ತೋರಿದ ಪದರಚನೆಯ ಜಾಡಿನಲ್ಲಿಯೇ ದೇಸಿಯೂ ನಡೆಯಬಲ್ಲುದೆಂಬುದಕ್ಕೆ ಈ ಪದಗಳೇ ಪ್ರಮಾಣ.

ಕೇಶಿರಾಜ: ಜಾರುತ್ತಿದ್ದ ನುಡಿಗೆ ಒಂದು ಹಿಡಿ

13ನೆಯ ಶತಮಾನದ ಹೊತ್ತಿಗೆ ಕಷ್ಟದ ಸ್ವರೂಪವೇ ಬದಲಾಗಿತ್ತು. ಜನರ ಬಾಯಲ್ಲಿ ಪಕಾರ ಹಕಾರವಾಗುತ್ತಿತ್ತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ೞಕಾರ ತನ್ನ ಪ್ರತ್ಯೇಕ ಉಚ್ಚಾರಣೆಯನ್ನು ಕಳೆದುಕೊಂಡಿತ್ತು. ಬದುಕು ಎಂಬರ್ಥದ 'ಬಾೞ್' ಬೇರೆ, ಕತ್ತಿ ಎಂಬರ್ಥದ 'ಬಾಳ್' ಬೇರೆ. ತಿಳಿ ಎಂಬರ್ಥದ 'ಅಱಿ' ಬೇರೆ, ಕತ್ತರಿಸು ಎಂಬರ್ಥದ 'ಅರಿ' ಬೇರೆ. ಕಿವಿಗೆ ಈ ಭೇದ ಕೇಳಿಸದಂತಾದಾಗ ಅದನ್ನು ಓದಿನಿಂದ ಮಾತ್ರ ಉಳಿಸಿಕೊಳ್ಳಬೇಕಾಯಿತು. ೞಕಾರಕ್ಕೆ ೞಕಾರವೇ ಪ್ರಾಸವಾಗಬೇಕೆಂಬ ನಿಯಮವಿದ್ದುದರಿಂದ, ಯಾವ ಪದದಲ್ಲಿರುವುದು ಯಾವ ಅಕ್ಷರ ಎಂಬುದನ್ನು ಅರಿಯದವನು ಪದ್ಯ ರಚಿಸುವುದಿರಲಿ, ಪಂಪ ರನ್ನರ ಪ್ರಾಸವನ್ನು ಗುರುತಿಸುವುದೂ ಕಷ್ಟವಾಯಿತು.

ಸುಮಾರು 1260ರಲ್ಲಿ ರಚಿತವಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕೇಶಿರಾಜ ಶಬ್ದಸಂಸ್ಕಾರದಲ್ಲಿಯೇ ಹುಟ್ಟಿ ಬೆಳೆದವನು. ತಂದೆ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ವೆಂಬ ಕಾವ್ಯಸಂಕಲನದ ಕರ್ತೃ, ಸೋದರಮಾವ ಜನ್ನ. ಶಬ್ದಮಣಿದರ್ಪಣ ವ್ಯಾಕರಣಗ್ರಂಥವೆಂದು ಪ್ರಸಿದ್ಧವಾದರೂ ಅದರೊಳಗೆ ವಿದ್ಯಾರ್ಥಿಯ ಪದಭಂಡಾರವೊಂದು ಅಡಗಿದೆ. ೞಕಾರವುಳ್ಳ ಪದಗಳ ಪಟ್ಟಿಯಿದೆ. ಧಾತುಪ್ರಕರಣದಲ್ಲಿ ಸಾವಿರಕ್ಕೆ ಸಮೀಪವಾಗುವಷ್ಟು ಧಾತುಗಳು ಅರ್ಥಸಹಿತವಾಗಿವೆ. ಅಪಭ್ರಂಶಪ್ರಕರಣ ತದ್ಭವಗಳ ಹುಟ್ಟನ್ನು ನಿಯಮಬದ್ಧವಾಗಿ ವಿವರಿಸುತ್ತದೆ. ಯಕಾರ ಜಕಾರವಾಗುವುದನ್ನು ಅರಿತವನಿಗೆ ಯಶದಿಂದ ಜಸ, ಯೋಗಿಯಿಂದ ಜೋಗಿ, ಯಮನಿಂದ ಜವ ತಾವಾಗಿಯೇ ತಿಳಿಯುತ್ತವೆ. ವಕಾರ ಬಕಾರವಾದರೆ ವನ ಬನವಾಗುತ್ತದೆ, ವರ್ಣ ಬಣ್ಣವಾಗುತ್ತದೆ, ವಿಧಿ ಬಿದಿಯಾಗುತ್ತದೆ. ಕ್ಷಕಾರದ ಜಾಗದಲ್ಲಿ ಕಕಾರದ ದ್ವಿತ್ವ ನಿಂತಾಗ ಅಕ್ಷರ ಅಕ್ಕರವಾಗುತ್ತದೆ, ರಾಕ್ಷಸ ರಕ್ಕಸನಾಗುತ್ತಾನೆ. ಧನಂಜಯ ಸಮಾಸದಿಂದ ಸಾಧಿಸಿದ್ದನ್ನು ಕೇಶಿರಾಜ ಧ್ವನಿನಿಯಮದಿಂದ ಸಾಧಿಸಿದ್ದಾನೆ. ಒಂದು ನಿಯಮ ಹತ್ತಾರು ಪದಗಳಿಗೆ ದಾರಿ.

ಗ್ರಂಥದ ಕೊನೆಯಲ್ಲಿ ಬರುವುದು 'ಪ್ರಯೋಗಸಾರ'. ಹಿಂದಿನ ಕವಿಗಳು ಬಳಸಿದ, ಕೇಶಿರಾಜನ ಕಾಲಕ್ಕೆ ಅರ್ಥ ಮಸುಕಾಗತೊಡಗಿದ್ದ ಕನ್ನಡ ಪದಗಳನ್ನು ಅಲ್ಲಿ ಆತ ಅರ್ಥಸಹಿತ ಸಂಗ್ರಹಿಸಿದ್ದಾನೆ. ಆ ಹೆಸರೇ ಅರ್ಥಪೂರ್ಣ. ಪದದ ಸಾರವಿರುವುದು ಪಟ್ಟಿಯಲ್ಲಿ ಅಲ್ಲ, ಪ್ರಯೋಗದಲ್ಲಿ. ತನ್ನ ವ್ಯಾಕರಣಕ್ಕೆ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಮಾರ್ಗವೇ ಲಕ್ಷ್ಯವೆಂದು ಆರಂಭದಲ್ಲಿಯೇ ಹೇಳಿ, ಪ್ರತಿಯೊಂದು ಸೂತ್ರಕ್ಕೂ ಕವಿಪ್ರಯೋಗವನ್ನು ಉದಾಹರಿಸುವ ಕೇಶಿರಾಜ, ಪದಾರ್ಥದಲ್ಲಿಯೂ ಅದೇ ನ್ಯಾಯವನ್ನು ಪಾಲಿಸಿದ್ದಾನೆ.

ಅರ್ಥ ಹೇಳಬೇಕಾದದ್ದು ಯಾವ ಪದಕ್ಕೆ?

ಅಲ್ಲಿಂದ ಮುಂದಿನ ಮೂರು ನಾಲ್ಕು ಶತಮಾನಗಳು ಕನ್ನಡ ನಿಘಂಟುಗಳ ಸುಗ್ಗಿಯ ಕಾಲ. ಸುಮಾರು 1300ರಲ್ಲಿ ನಾಚಿರಾಜ ಅಮರಕೋಶಕ್ಕೆ ಕನ್ನಡ ವ್ಯಾಖ್ಯಾನ ಬರೆದ. ಅದು 'ನಾಚಿರಾಜೀಯ'ವೆಂದೇ ಹೆಸರಾಯಿತು. 1398ರಲ್ಲಿ ಅಭಿನವ ಮಂಗರಾಜ ಸಂಸ್ಕೃತಪದಗಳಿಗೆ ಕನ್ನಡಾರ್ಥ ಹೇಳುವ ನಿಘಂಟನ್ನು ರಚಿಸಿದ. ಬೊಮ್ಮರಸನ 'ಚತುರಾಸ್ಯ ನಿಘಂಟು', ಅಜ್ಞಾತಕರ್ತೃಕವಾದ 'ಕರ್ಣಾಟಕ ಶಬ್ದಸಾರ', ತೋಂಟದಾರ್ಯನ 'ಶಬ್ದಮಂಜರಿ', ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ', ದೇವೋತ್ತಮನ 'ನಾನಾರ್ಥರತ್ನಾಕರ' ಒಂದರ ಹಿಂದೆ ಒಂದು ಬಂದವು. ಜೈನರು ಆರಂಭಿಸಿದ ಕಾರ್ಯದಲ್ಲಿ ವೀರಶೈವ ವಿದ್ವಾಂಸರೂ ಕೈಜೋಡಿಸಿದರು. ಛಂದಸ್ಸೂ ಬದಲಾಯಿತು. ಕಂದದ ಪಕ್ಕದಲ್ಲಿ ವಾರ್ಧಕ ಷಟ್ಪದಿಯೂ ನಿಘಂಟಿನ ವಾಹಕವಾಯಿತು. ಆ ಕಾಲದ ವಿದ್ಯಾರ್ಥಿ ಹಾಡಿ ಅಭ್ಯಾಸವಿದ್ದ ಮಟ್ಟಿನಲ್ಲಿಯೇ ಪದಗಳನ್ನು ಕೊಡುವುದು ನಿಘಂಟುಕಾರರಿಗೆ ಸಹಜವಾಗಿ ತೋರಿತು.

ಈ ಕೃತಿಗಳನ್ನು ಕಾಲಾನುಕ್ರಮದಲ್ಲಿ ಇರಿಸಿ ನೋಡಿದಾಗ ಒಂದು ಗಂಭೀರ ಸಂಗತಿ ಗೋಚರಿಸುತ್ತದೆ. ನಾಗವರ್ಮ ಅರ್ಥ ಹೇಳಿದ್ದು ಸಂಸ್ಕೃತ ಪದಗಳಿಗೆ. ಆತನ ವಿದ್ಯಾರ್ಥಿಗೆ ಕನ್ನಡ ತಿಳಿದಿತ್ತು, ಸಂಸ್ಕೃತ ತಿಳಿಯಬೇಕಾಗಿತ್ತು. ಚತುರಾಸ್ಯ ನಿಘಂಟು, ಶಬ್ದಮಂಜರಿ, ಕಬ್ಬಿಗರ ಕೈಪಿಡಿಗಳು ಅರ್ಥ ಹೇಳುವುದು ಬಹುಮಟ್ಟಿಗೆ ಕನ್ನಡದ ದೇಶ್ಯ ಮತ್ತು ತದ್ಭವ ಪದಗಳಿಗೆ. ಅವುಗಳ ವಿದ್ಯಾರ್ಥಿಗೆ ಕನ್ನಡಪದದ ಅರ್ಥವನ್ನು ಎಷ್ಟೋ ವೇಳೆ ಬಳಕೆಯಲ್ಲಿದ್ದ ಸಂಸ್ಕೃತಪದದಿಂದಲೇ ತಿಳಿಸಬೇಕಾಗಿತ್ತು. ಅರ್ಥ ಹೇಳುವ ಭಾಷೆಯೂ ಅರ್ಥ ಹೇಳಿಸಿಕೊಳ್ಳುವ ಭಾಷೆಯೂ ಸ್ಥಾನ ಬದಲಿಸಿಕೊಂಡವು. ತನ್ನ ಮನೆಯ ಭಂಡಾರಕ್ಕೇ ಕನ್ನಡ ವಿದ್ಯಾರ್ಥಿ ಹೊರಗಿನವನಾಗತೊಡಗಿದನು. ರನ್ನಕಂದದ ಹನ್ನೆರಡು ಪದ್ಯಗಳು ಈ ಕಳವಳದ ಮೊದಲ ಕುರುಹು; ಕಬ್ಬಿಗರ ಕೈಪಿಡಿ ಅದರ ಪೂರ್ಣರೂಪ. ನಿಘಂಟುಗಳ ಸಂಖ್ಯೆ ಹೆಚ್ಚಿದ್ದನ್ನು ಕೇವಲ ಸಮೃದ್ಧಿಯ ಲಕ್ಷಣವೆಂದು ತಿಳಿಯುವಂತಿಲ್ಲ. ಅದು ಮರೆವಿಗೆ ಕಟ್ಟಿದ ಒಡ್ಡೂ ಹೌದು. 1604ರಲ್ಲಿ ಭಟ್ಟಾಕಲಂಕ 'ಕರ್ಣಾಟಕ ಶಬ್ದಾನುಶಾಸನ'ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿ, ಶಾಸ್ತ್ರಗ್ರಂಥಗಳುಳ್ಳ ಭಾಷೆ ಕನ್ನಡವೆಂದು ವಾದಿಸಬೇಕಾಗಿ ಬಂದುದು ಇದೇ ಪರಿಸ್ಥಿತಿಯ ಇನ್ನೊಂದು ಮುಖ.

ಬಳ್ಳಾರಿ, 1823

ಕಂಠಪಾಠದ ಪರಂಪರೆ ಕೊನೆಗೆ ಎಲ್ಲಿಗೆ ಬಂದು ನಿಂತಿತೆಂಬುದಕ್ಕೆ ಒಂದು ಅಮೂಲ್ಯ ದಾಖಲೆಯಿದೆ. ಮದರಾಸಿನ ಗವರ್ನರ್ ಮನ್ರೋ ದೇಶೀಯ ಶಿಕ್ಷಣದ ಸ್ಥಿತಿಗತಿಯ ವರದಿಗಳನ್ನು ಕೇಳಿದಾಗ, ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವಿವರವಾದ ವರದಿಯನ್ನು ಕಳುಹಿಸಿದ. ಕ್ಯಾಂಪ್‌ಬೆಲ್ ಸ್ವತಃ ತೆಲುಗು ವ್ಯಾಕರಣ ಮತ್ತು ನಿಘಂಟುಗಳ ಕರ್ತೃ. ಭಾಷೆಯನ್ನು ಬಲ್ಲವನ ಮಾತೆಂದು ಅದಕ್ಕೆ ಬೆಲೆ. ಕನ್ನಡ ತೆಲುಗುಗಳೆರಡೂ ನಡೆಯುತ್ತಿದ್ದ ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಪಠ್ಯಗಳ ಪಟ್ಟಿಯಲ್ಲಿ ನಿಘಂಟು, ಅಮರ, ಶಬ್ದಮಣಿದರ್ಪಣಗಳ ಹೆಸರುಗಳಿವೆ. ಕೇಶಿರಾಜನ ಗ್ರಂಥ ರಚಿತವಾಗಿ ಐದೂವರೆ ಶತಮಾನಗಳು ಕಳೆದ ಮೇಲೆಯೂ ಅದರ ಹೆಸರು ಊರಿನ ಶಾಲೆಗಳ ಪಾಠದಲ್ಲಿ ಜೀವಂತವಾಗಿತ್ತೆಂಬುದು ಅಚ್ಚರಿಯ, ಅಭಿಮಾನದ ಸಂಗತಿ.

ಆದರೆ ವರದಿಯ ಟೀಕೆ ಕಟುವಾಗಿದೆ. ಓದುವ ಪದ್ಯಗಳ ಭಾಷೆಗೂ ಆಡುವ ಭಾಷೆಗೂ ಬಹಳ ಅಂತರವಿದೆ. ಮಕ್ಕಳು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸಬಲ್ಲರಾದರೂ ಅರ್ಥದ ಮಟ್ಟಿಗೆ ಅವರು ಗಿಳಿಗಳಂತೆ. ಹೇಳಿಕೊಡುವವರಿಗೂ ಎಷ್ಟೋ ವೇಳೆ ಅರ್ಥ ತಿಳಿಯದು ಎಂಬುದು ಅದರ ಸಾರ. ಆಡಳಿತಗಾರನ ಪೂರ್ವಗ್ರಹಕ್ಕೆ ಸಲ್ಲಬೇಕಾದಷ್ಟನ್ನು ಕಳೆದರೂ ಈ ಟೀಕೆಯಲ್ಲಿ ಸತ್ಯಾಂಶ ಉಳಿಯುತ್ತದೆ. ಧನಂಜಯನ ಸೂತ್ರವಾಗಲಿ ಕೇಶಿರಾಜನ ಪ್ರಯೋಗಸಾರವಾಗಲಿ ಟೀಕೆ ಹೇಳುವ ಗುರುವನ್ನೂ, ಮುಂದೆ ಓದಲಿರುವ ಕಾವ್ಯವನ್ನೂ ನಂಬಿಕೊಂಡು ಕಟ್ಟಿದ ಸಾಧನಗಳು. ಆ ಎರಡು ಕೊಂಡಿಗಳು ಕಳಚಿದಾಗ ಕೋಶ ಕಂಠದಲ್ಲಿದ್ದರೂ ಬುದ್ಧಿಗೆ ಇಳಿಯಲಿಲ್ಲ. ಬೀಗದ ಕೈ ಕೈಯಲ್ಲಿತ್ತು, ಬಾಗಿಲು ಎಲ್ಲಿದೆಯೆಂಬುದು ಮರೆತುಹೋಗಿತ್ತು.

ಅಕಾರಾದಿಯ ಲಾಭ ಮತ್ತು ನಷ್ಟ

ಅದೇ ಬಳ್ಳಾರಿಯಲ್ಲಿ, ಅದೇ ವರ್ಷಗಳಲ್ಲಿ, ಬೇರೊಂದು ಬಗೆಯ ಕೋಶದ ಕೆಲಸ ನಡೆದಿತ್ತು. ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದ. 1858ರಲ್ಲಿ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳ ಬೃಹತ್ಕೃತಿ. ಕಿಟ್ಟೆಲ್ ಹಳೆಯ ಪರಂಪರೆಯನ್ನು ಬದಿಗೆ ಸರಿಸಿ ಈ ಕೆಲಸ ಮಾಡಿದವರಲ್ಲ. 1872ರಲ್ಲಿಯೇ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಅವರು, ಹಲಾಯುಧಕೋಶದ ಕನ್ನಡ ಟೀಕೆ, ಮಂಗರಾಜನ ನಿಘಂಟು ಮೊದಲಾದವುಗಳಿಂದ ಪದಗಳನ್ನು ಆರಿಸಿ, ಆಕರವನ್ನು ಸೂಚಿಸಿ, ಅವುಗಳ ಪಕ್ಕದಲ್ಲಿಯೇ ಜನರ ಗಾದೆಗಳನ್ನೂ ಆಡುನುಡಿಯನ್ನೂ ಇರಿಸಿದರು. ಜೈನ ನಿಘಂಟುಕಾರರ ಐನೂರು ವರ್ಷಗಳ ಶ್ರಮ ಕಿಟ್ಟೆಲ್ ಕೋಶದ ಅಡಿಪಾಯದಲ್ಲಿದೆ. ಅನಂತರ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಗಿ, ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಒದಗಿಸಿತು. ಕೇಶಿರಾಜನ ಪ್ರಯೋಗಸಾರದ ತತ್ತ್ವವೇ ಇಲ್ಲಿ ವಿಶ್ವರೂಪ ತಾಳಿದೆಯೆನ್ನಬಹುದು.

ಅಕಾರಾದಿ ಕ್ರಮದ ಉಪಕಾರ ದೊಡ್ಡದು. ಗುರುವಿಲ್ಲದವನೂ ಪದದ ಅರ್ಥವನ್ನು ಕಾಣಬಲ್ಲನು. ಪಾಠಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೂ ಈ ಪುಸ್ತಕ ತೆರೆದಿದೆ. ಇದನ್ನು ಮರೆತು ಹಳೆಯ ಪದ್ಧತಿಗಾಗಿ ಹಂಬಲಿಸುವುದು ನ್ಯಾಯವಲ್ಲ. ಆದರೂ ಒಂದು ನಷ್ಟವಾಯಿತು. ಅಕಾರಾದಿಯಲ್ಲಿ ಒಂದು ಪದದ ನೆರೆಯಲ್ಲಿರುವುದು ಅದರ ಬಂಧುವಲ್ಲ, ಅಕ್ಷರದಲ್ಲಿ ಸಮೀಪವಾದ ಅಪರಿಚಿತ. ಹುಡುಕಿದ ಪದದ ಅರ್ಥ ಸಿಗುತ್ತದೆ, ಪುಟ ಮುಚ್ಚುತ್ತದೆ, ಪದ ಪುಸ್ತಕದಲ್ಲಿಯೇ ಉಳಿಯುತ್ತದೆ. ಪದವನ್ನು ನೋಡಿಕೊಳ್ಳುವುದು ಬೇರೆ, ಪದವನ್ನು ಪಡೆದುಕೊಳ್ಳುವುದು ಬೇರೆ. ಪಠ್ಯಪುಸ್ತಕದ ಕೊನೆಯಲ್ಲಿ ಒಂದು ಪದಕ್ಕೆ ಒಂದೇ ಅರ್ಥವನ್ನು ಎದುರುಬದುರು ಇರಿಸುವ ಪಟ್ಟಿಗಳು ಈ ನಷ್ಟವನ್ನು ಇನ್ನಷ್ಟು ಹೆಚ್ಚಿಸಿವೆ. 'ತಂಗದಿರ' ಎಂದರೆ ಚಂದ್ರನೆಂದು ಪಟ್ಟಿಯಿಂದ ತಿಳಿದ ವಿದ್ಯಾರ್ಥಿ ಒಂದು ಪದವನ್ನು ಕಲಿತಾನು. 'ತಣ್' ಎಂಬ ಮೂಲವನ್ನೂ 'ಕದಿರ್' ಎಂಬ ಪದವನ್ನೂ ಬೇರ್ಪಡಿಸಿ ಕಂಡವನಿಗೆ ತಣ್ಣೀರು, ತಂಗಾಳಿ, ತಂಪು, ತಂಬೆಲರ್ ಒಂದು ಕಡೆಯಿಂದಲೂ ಬಿಸುಗದಿರ ಇನ್ನೊಂದು ಕಡೆಯಿಂದಲೂ ಬಂದು ಸೇರುತ್ತವೆ; ಅವುಗಳಲ್ಲಿ ಅರ್ಧದಷ್ಟು ಆತನಿಗೆ ಮನೆಯಲ್ಲಿಯೇ ಪರಿಚಿತವಾಗಿದ್ದವೆಂಬುದೂ ಆಗ ಅರಿವಾಗುತ್ತದೆ.

ಇದರ ಪರಿಣಾಮ ತರಗತಿಗೆ ಸೀಮಿತವಾಗಿಲ್ಲ. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳಲ್ಲಿರುವ ತಾಳೆಯೋಲೆಯ ಗ್ರಂಥಗಳ ವಿಸ್ತೃತ ಸೂಚಿಯನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿಯೇ ಸಿದ್ಧಪಡಿಸಿಕೊಟ್ಟರು. ಸೂಚಿಯಿದೆ, ಓಲೆಗಳಿವೆ. ಪಂಪ ರನ್ನರನ್ನು ಗದ್ಯಾನುವಾದದ ಊರುಗೋಲಿಲ್ಲದೆ ಓದಬಲ್ಲ ವಿದ್ಯಾರ್ಥಿಗಳೇ ವಿರಳವಾದರೆ, ಇನ್ನೂ ಅಚ್ಚಾಗದ ಓಲೆಯನ್ನು ಎತ್ತಿಕೊಂಡು ಪಾಠಶೋಧನೆ ಮಾಡುವವರು ಎಲ್ಲಿಂದ ಬರಬೇಕು? ಲಿಪಿಯನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಪದಗಳ ತುಂಡರಿಕೆಯೇ ಇಲ್ಲದ ಓಲೆಯ ಸಾಲಿನಲ್ಲಿ ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಯಿತೆಂದು ಹೇಳುವುದು, ಪದಗಳು ಮೊದಲೇ ಮನಸ್ಸಿನಲ್ಲಿ ಇದ್ದವನಿಂದ ಮಾತ್ರ ಸಾಧ್ಯ. ಆ ಕೆಲಸಕ್ಕೆ ಯಾವ ನಿಘಂಟೂ ನೆರವಾಗದು. ಹುಡುಕಬೇಕಾದ ಪದ ಯಾವುದೆಂದು ಗೊತ್ತಾದ ಮೇಲಲ್ಲವೇ ನಿಘಂಟನ್ನು ತೆರೆಯುವುದು?

ಈ ಸುದೀರ್ಘ ಚರಿತ್ರೆಯಿಂದ ಇಂದಿನ ವಿದ್ಯಾರ್ಥಿ ಪಡೆಯಬಹುದಾದದ್ದು ಮೂರು ಸಂಗತಿಗಳು. ಅಮರಕೋಶ ಕಲಿಸಿದ್ದು ಪದವನ್ನು ಅದರ ಬಳಗದೊಡನೆ ಅರಿಯುವುದನ್ನು. ಧನಂಜಯ ಕೇಶಿರಾಜರು ಕಲಿಸಿದ್ದು ಪದವನ್ನು ಅದರ ಹುಟ್ಟಿನಿಂದ ಅರಿಯುವುದನ್ನು. ಪ್ರಯೋಗಸಾರ ಕಲಿಸಿದ್ದು ಪದವನ್ನು ಅದು ಬದುಕಿದ ವಾಕ್ಯದಲ್ಲಿ ಅರಿಯುವುದನ್ನು. ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ಉಳಿದೆರಡು ಸೊರಗುತ್ತವೆಂಬುದನ್ನು ಬಳ್ಳಾರಿಯ ಶಾಲೆಗಳು ತೋರಿಸಿವೆ.

ಇವುಗಳ ಜೊತೆಗೆ ಹಳೆಯ ನಿಘಂಟುಕಾರರು ಬರೆದಿಡದೆ ಬಿಟ್ಟ ನಾಲ್ಕನೆಯ ಆಕರವೊಂದಿದೆ. ಅವರ ಕೋಶಗಳು ಕಬ್ಬಿಗರಿಗಾಗಿ ಹುಟ್ಟಿದವು. ನೇಗಿಲು, ಮಗ್ಗ, ಕುಲುಮೆಗಳ ನುಡಿಗೆ ಅವುಗಳಲ್ಲಿ ದೊರೆತ ಜಾಗ ಅಲ್ಪ. ಆದರೆ ಪುಸ್ತಕದ ಓದಿಲ್ಲದೆಯೂ ಕಾವ್ಯದಲ್ಲಿ ಪರಿಣತರಾದ ಜನ ಈ ನಾಡಿನಲ್ಲಿದ್ದರೆಂದು ಕವಿರಾಜಮಾರ್ಗಕಾರನೇ ಮೆಚ್ಚಿ ಹೇಳಿದ್ದಾನೆ. ಅವರ ಕೋಶ ಅವರ ಬದುಕಿನಲ್ಲಿತ್ತು. ಮುದುವೊಳಲಿನಿಂದ ಹೊರಟ ಹುಡುಗ ಅಜಿತಸೇನಾಚಾರ್ಯರ ಬಳಿಗೆ ಬಂದಾಗ ಬರಿಗೈಯಲ್ಲಿ ಬಂದವನಲ್ಲ. ಬಳೆಗಾರರ ಕೇರಿಯ ಮಾತು, ಸಂತೆಯ ಮಾತು, ಅಬ್ಬಲಬ್ಬೆಯ ಮನೆಮಾತು ಆಗಲೇ ಅವನ ಕಿವಿಯಲ್ಲಿದ್ದವು. ಗುರುಕುಲ ಅದಕ್ಕೆ ಇನ್ನೊಂದು ಭಂಡಾರವನ್ನು ಸೇರಿಸಿತು. ಗದಾಯುದ್ಧದಲ್ಲಿ ಭೀಮ ದುರ್ಯೋಧನರ ಮಾತು ಇಂದಿಗೂ ಕಿವಿಗೆ ಬಿಸಿಯಾಗಿ ತಾಗುವುದು ಈ ಎರಡು ಭಂಡಾರಗಳೂ ಒಬ್ಬನಲ್ಲಿಯೇ ಕೂಡಿದ್ದರಿಂದ.